ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಡಿ.ವಿ.ಡಿ. ಡ್ರೈವ್ ಅಳವಡಿಸುವುದು: ಶಾಲೆಯ ಕನ್ನಡ ಮುದ್ರಿಕೆಗಳನ್ನು ಉಳಿಸಿಕೊಳ್ಳಲು ಒಂದು ಪಾಠ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಕಪಾಟುಗಳಲ್ಲಿ ಸಿ.ಡಿ. ಮತ್ತು ಡಿ.ವಿ.ಡಿ.ಗಳ ಒಂದು ಕಟ್ಟು ಇದ್ದೇ ಇರುತ್ತದೆ. ಪೆನ್‌ಡ್ರೈವ್ ಅಗ್ಗವಾಗಿ ಎಲ್ಲರ ಕೈಗೆ ಬರುವ ಮೊದಲು ಕವಿತೆಗಳ ಗಾಯನ, ಯಕ್ಷಗಾನ ಪ್ರಸಂಗ, ವ್ಯಾಕರಣ ಪಾಠ, ಮಕ್ಕಳ ನಾಟಕ, ಶಾಲಾ ವಾರ್ಷಿಕೋತ್ಸವ ಎಲ್ಲವೂ ಈ ತಟ್ಟೆಗಳಲ್ಲಿಯೇ ಬಂದವು. ಕೆಲವು ಅಂಗಡಿಯಿಂದ ಕೊಂಡವು, ಕೆಲವು ದಾನವಾಗಿ ಬಂದವು, ಇನ್ನು ಕೆಲವು ಊರಿನ ಸ್ಟುಡಿಯೋದವರು ಮದುವೆಯ ವಿಡಿಯೋ ಮಾಡಿಕೊಟ್ಟ ಹಾಗೆಯೇ ಮಾಡಿಕೊಟ್ಟವು. ಇಂದು ಶಾಲೆಗೆ ಬರುವ ಹೊಸ ಕಂಪ್ಯೂಟರುಗಳಲ್ಲಿ ಅವನ್ನು ಹಾಕಲು ಜಾಗವೇ ಇರುವುದಿಲ್ಲ. ಹೀಗಾಗಿ ಕಟ್ಟು ಕಪಾಟಿನಲ್ಲಿಯೇ ಉಳಿದು, ಮಳೆಗಾಲದಿಂದ ಮಳೆಗಾಲಕ್ಕೆ ಸ್ವಲ್ಪಸ್ವಲ್ಪವಾಗಿ ಸಾಯುತ್ತದೆ.

ರಾಜ್ಯದ ಬಹುಸಂಖ್ಯಾತರ ಭಾಷೆಯ ಪಾಠದ ಡಿಸ್ಕೊಂದು ಹಾಳಾದರೆ ಅದರ ಬದಲಿ ಎಲ್ಲಿಯೋ ಸಿಗುವ ಸಂಭವ ಹೆಚ್ಚು. ಗಡಿನಾಡಿನ ಕನ್ನಡ ಶಾಲೆಯ ಸ್ಥಿತಿ ಬೇರೆ. ಊರಿನ ಮೇಳದ ತಾಳಮದ್ದಳೆಯೋ, ಕಯ್ಯಾರ ಕಿಞ್ಞಣ್ಣ ರೈ (1915–2015) ಅವರಂಥ ಹಿರಿಯರು ಶಾಲೆಯ ಸಮಾರಂಭವೊಂದರಲ್ಲಿ ಆಡಿದ ಮಾತೋ ಒಂದು ಡಿಸ್ಕಿನಲ್ಲಿದ್ದರೆ, ಬಹುಮಟ್ಟಿಗೆ ಆ ಡಿಸ್ಕಿನಲ್ಲಿ ಮಾತ್ರ ಇರುತ್ತದೆ. ಆದ್ದರಿಂದ ಶಾಲೆಯ ಒಂದಾದರೂ ಕಂಪ್ಯೂಟರಿನಲ್ಲಿ ಓದುವ ಡ್ರೈವ್ ಇರುವುದು ಅಗತ್ಯ. ಅದನ್ನು ಕೂರಿಸುವುದು ತಂತ್ರಜ್ಞರನ್ನೇ ಕಾಯಬೇಕಾದ ಕೆಲಸವಲ್ಲ. ಒಂದು ಪೀರಿಯಡ್ಡಿನಲ್ಲಿ, ಮಕ್ಕಳ ಎದುರಿನಲ್ಲಿಯೇ, ಶಿಕ್ಷಕರು ಮಾಡಬಹುದಾದದ್ದು.

ಕೆಲಸಕ್ಕೆ ಮುನ್ನ

ಶಾಲೆಯ ಕಂಪ್ಯೂಟರ್ ಸರಕಾರದ ಸೊತ್ತು. ವಾರಂಟಿ ಅವಧಿ ಮುಗಿಯದ ಯಂತ್ರದ ಮೊಹರನ್ನು ಯಾವ ಕಾರಣಕ್ಕೂ ಒಡೆಯಬಾರದು. ಮುಖ್ಯೋಪಾಧ್ಯಾಯರ ಮತ್ತು ಶಾಲಾ ಐ.ಟಿ. ಸಂಯೋಜಕರ ಒಪ್ಪಿಗೆ ಪಡೆದು, ವಾರಂಟಿ ಮುಗಿದ ಒಂದು ಯಂತ್ರವನ್ನು ಆರಿಸಿಕೊಳ್ಳುವುದು ಕ್ಷೇಮ.

ಡ್ರೈವನ್ನು ಕೊಳ್ಳಲೇಬೇಕೆಂದಿಲ್ಲ. ಕೆಟ್ಟು ಮೂಲೆ ಸೇರಿದ ಹಳೆಯ ಕಂಪ್ಯೂಟರುಗಳಲ್ಲಿ ಸರಿಯಾಗಿರುವ ಡ್ರೈವ್ ಸಿಗುವುದು ಸಾಮಾನ್ಯ. ಮದರ್‌ಬೋರ್ಡ್ ಕೆಟ್ಟರೆ ಡ್ರೈವ್ ಕೆಡಬೇಕೆಂದಿಲ್ಲವಷ್ಟೆ. ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಿದ್ದನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿಡಬೇಕು. ಇಲ್ಲವಾದರೆ ಮುಂದಿನ ತಪಾಸಣೆಯಲ್ಲಿ ವಿವರಣೆ ಕೊಡುವ ಕಷ್ಟ ಬೇರೊಬ್ಬರ ಪಾಲಿಗೆ ಬರುತ್ತದೆ.

ಹಳೆಯ ಡ್ರೈವನ್ನು ತೆಗೆಯುವಾಗ ಅದರ ಹಿಂಭಾಗವನ್ನು ನೋಡಬೇಕು. ಅಗಲವಾದ ಪಟ್ಟಿಯಂಥ ಕೇಬಲ್ ಸಿಕ್ಕಿಸುವ, ಎರಡು ಸಾಲು ಸೂಜಿಗಳಿರುವ ಡ್ರೈವ್ ಐ.ಡಿ.ಇ. ಜಾತಿಯದು, ಅದಕ್ಕೆ ಬೇಕಾದ ಜಾಗ ಈಚಿನ ಮದರ್‌ಬೋರ್ಡಿನಲ್ಲಿ ಇರುವುದಿಲ್ಲ. ತೆಳುವಾದ ಎರಡು ಕಂಡಿಗಳಿದ್ದು, ಒಂದು ಚಿಕ್ಕದು ಇನ್ನೊಂದು ಸ್ವಲ್ಪ ಉದ್ದದ್ದು ಆಗಿದ್ದರೆ ಅದು ಸಾಟಾ ಡ್ರೈವ್. ಬೇಕಾದದ್ದು ಇದೇ. ಚಿಕ್ಕ ಕಂಡಿಯಲ್ಲಿ 7 ಸಂಪರ್ಕಗಳಿದ್ದು ಮಾಹಿತಿ ಹರಿಯುತ್ತದೆ. ಉದ್ದ ಕಂಡಿಯಲ್ಲಿ 15 ಸಂಪರ್ಕಗಳಿದ್ದು ವಿದ್ಯುತ್ತು ಬರುತ್ತದೆ.

ಹೊಸ ಯಂತ್ರದಲ್ಲಿ ಮೂರು ಸಂಗತಿಗಳನ್ನು ಪರೀಕ್ಷಿಸಬೇಕು. ಎದುರು ಭಾಗದಲ್ಲಿ ಐದೂಕಾಲು ಅಂಗುಲದ ಖಾಲಿ ಕಿಂಡಿ ಇದೆಯೆ? ಮದರ್‌ಬೋರ್ಡಿನಲ್ಲಿ ಬಳಸದ ಸಾಟಾ ಕಿಂಡಿ ಇದೆಯೆ? ವಿದ್ಯುತ್ ಪೆಟ್ಟಿಗೆಯಿಂದ, ಅಂದರೆ ಎಸ್.ಎಂ.ಪಿ.ಎಸ್.ನಿಂದ ಬರುವ ವೈರುಗಳಲ್ಲಿ ಒಂದು ಸಾಟಾ ಕನೆಕ್ಟರ್ ಉಳಿದಿದೆಯೆ? ಕೊನೆಯದು ಇಲ್ಲದಿದ್ದರೂ ನಾಲ್ಕು ತೂತಿನ ದೊಡ್ಡ ಬಿಳಿ ಕನೆಕ್ಟರ್ ಇದ್ದರೆ, ಅದನ್ನು ಸಾಟಾಗೆ ಬದಲಿಸುವ ಗಿಡ್ಡ ವೈರು ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತದೆ. ಎದುರಿನ ಕಿಂಡಿಯೇ ಇಲ್ಲದ ಚಿಕ್ಕ ಪೆಟ್ಟಿಗೆಗಳಿಗೂ ಪರದೆಯ ಹಿಂದೆಯೇ ಯಂತ್ರವಿರುವ ಮಾದರಿಗಳಿಗೂ ಈ ಪಾಠ ಅನ್ವಯಿಸುವುದಿಲ್ಲ. ಅಲ್ಲಿ ಯು.ಎಸ್.ಬಿ.ಗೆ ಸಿಕ್ಕಿಸುವ ಹೊರಗಿನ ಡ್ರೈವೇ ದಾರಿ.

ಸಲಕರಣೆ ಹೆಚ್ಚೇನೂ ಬೇಡ: ನಕ್ಷತ್ರ ತುದಿಯ ಸ್ಕ್ರೂಡ್ರೈವರ್, ಒಂದು ಸಾಟಾ ಕೇಬಲ್, ನಾಲ್ಕು ಸ್ಕ್ರೂ, ಒಣಗಿದ ಬಣ್ಣದ ಬ್ರಶ್ಶು. ಸ್ಕ್ರೂಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಈ ಡ್ರೈವಿಗೆ 3 ಮಿಲಿಮೀಟರ್ ವ್ಯಾಸದ, ಸಣ್ಣ ಎಳೆಯ ಗಿಡ್ಡ ಸ್ಕ್ರೂ ಆಗಬೇಕು. ಹಾರ್ಡ್ ಡಿಸ್ಕಿನ ಸ್ಕ್ರೂ ನೋಡಲು ಹಾಗೆಯೇ ಇದ್ದರೂ ಅದರ ಎಳೆ ದಪ್ಪ. ಒತ್ತಾಯದಿಂದ ತಿರುಗಿಸಿದರೆ ತೂತು ಕೆಡುತ್ತದೆ. ಉದ್ದ ಸ್ಕ್ರೂ ಹಾಕಿದರೆ ಅದು ಒಳಗಿನ ಟ್ರೇಯನ್ನು ಹೋಗಿ ಮುಟ್ಟುತ್ತದೆ. ಹಳೆಯ ಯಂತ್ರದಿಂದ ಡ್ರೈವ್ ತೆಗೆಯುವಾಗಲೇ ಅದರ ನಾಲ್ಕು ಸ್ಕ್ರೂಗಳನ್ನು ಒಂದು ಮುಚ್ಚಳದಲ್ಲಿ ಹಾಕಿಟ್ಟರೆ ಈ ತೊಂದರೆಯೇ ಇಲ್ಲ.

ಅಳವಡಿಸುವ ಕ್ರಮ

ಮೊದಲು ಯಂತ್ರವನ್ನು ಕ್ರಮವಾಗಿ ಆರಿಸಿ, ವಿದ್ಯುತ್ ತಂತಿಯನ್ನು ಗೋಡೆಯಿಂದ ಕಳಚಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಕಳಚಿದ ಮೇಲೆ ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಕೆಲವು ಸೆಕೆಂಡು ಹಿಡಿದರೆ ಉಳಿದಿದ್ದ ವಿದ್ಯುತ್ತು ಇಳಿದುಹೋಗುತ್ತದೆ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಅದರೊಳಗಿನ ಕೆಪ್ಯಾಸಿಟರುಗಳು ತಂತಿ ಕಳಚಿದ ಬಳಿಕವೂ ಅಪಾಯಕರ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಇದನ್ನು ಮಕ್ಕಳಿಗೆ ಮೊದಲೇ, ಸ್ಪಷ್ಟವಾಗಿ ಹೇಳಿರಬೇಕು.

ಎದುರಿನಿಂದ ನೋಡಿದಾಗ ಸಾಮಾನ್ಯವಾಗಿ ಎಡಬದಿಗೆ ಬರುವ ಹಲಗೆಯ ಸ್ಕ್ರೂಗಳು ಹಿಂಭಾಗದಲ್ಲಿರುತ್ತವೆ. ಅವನ್ನು ಬಿಚ್ಚಿ, ಹಲಗೆಯನ್ನು ಹಿಂದಕ್ಕೆ ಜಾರಿಸಿ ತೆಗೆಯಬೇಕು. ಒಳಗೆ ಕೈ ಹಾಕುವ ಮುನ್ನ ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು. ದೇಹದಲ್ಲಿ ಸೇರಿರುವ ಸ್ಥಿರವಿದ್ಯುತ್ತು ಹೀಗೆ ಪೆಟ್ಟಿಗೆಗೆ ಇಳಿಯುತ್ತದೆ. ಕರಾವಳಿಯ ಆರ್ದ್ರ ಹವೆಯಲ್ಲಿ ಇದರ ಭಯ ಕಡಮೆ. ಸೊಲ್ಲಾಪುರ, ಜತ್ತ ಸೀಮೆಯ ಒಣ ಚಳಿಗಾಲದಲ್ಲಿ ಹೆಚ್ಚು. ಕರಾವಳಿಯ ಶಿಕ್ಷಕರಿಗೆ ಎದುರಾಗುವುದು ಬೇರೆ ಶತ್ರು. ಒಳಗೆ ಕೆಂಪು ಧೂಳೂ ಜೇಡರ ಬಲೆಯೂ ಇರುವುದನ್ನು ಒಣ ಬ್ರಶ್ಶಿನಿಂದ ತೆಗೆದು ಮುಂದುವರಿಯುವುದು ಒಳ್ಳೆಯದು.

ಎದುರಿನ ಕಿಂಡಿಯ ಪ್ಲಾಸ್ಟಿಕ್ ಮುಚ್ಚಳವನ್ನು ಒಳಗಿನಿಂದ ಮೆಲ್ಲಗೆ ಒತ್ತಿದರೆ ಹೊರಗೆ ಬರುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ಅದರ ಹಿಂದೆ ತೆಳು ತಗಡೊಂದು ಇರುತ್ತದೆ. ಅದನ್ನು ಹಿಂದೆಮುಂದೆ ಅಲುಗಿಸಿದರೆ ಮುರಿದು ಬರುತ್ತದೆ. ಅಂಚು ಹರಿತವಾದ್ದರಿಂದ ಈ ಕೆಲಸವನ್ನು ಶಿಕ್ಷಕರೇ ಮಾಡತಕ್ಕದ್ದು. ಬಳಿಕ ಡ್ರೈವನ್ನು ಹೊರಗಿನಿಂದ ಒಳಕ್ಕೆ ಜಾರಿಸಬೇಕು. ಡ್ರೈವಿನ ಮುಖವು ಪೆಟ್ಟಿಗೆಯ ಮುಖಕ್ಕೆ ಸಮವಾದಾಗ ಬದಿಯ ತೂತುಗಳು ಒಂದರ ಮೇಲೊಂದು ಬರುತ್ತವೆ. ಎರಡೂ ಬದಿಗೆ ಎರಡೆರಡು ಸ್ಕ್ರೂ. ನಾಲ್ಕನ್ನೂ ಮೊದಲು ಸಡಿಲವಾಗಿ ಹಾಕಿ, ಮುಖ ಸರಿಯಾಗಿದೆಯೆಂದು ನೋಡಿಕೊಂಡು ಆಮೇಲೆ ಬಿಗಿಗೊಳಿಸಬೇಕು. ಓರೆಯಾಗಿ ಕೂತ ಡ್ರೈವಿನ ಟ್ರೇ ಪೆಟ್ಟಿಗೆಯ ಅಂಚಿಗೆ ಉಜ್ಜುತ್ತದೆ.

ಕೇಬಲುಗಳನ್ನು ಸಿಕ್ಕಿಸಲು ಬಲ ಬೇಡ, ಕಣ್ಣು ಬೇಕು. ಸಾಟಾ ಕನೆಕ್ಟರಿನ ಒಂದು ತುದಿ ಸ್ವಲ್ಪ ಬಾಗಿರುವುದರಿಂದ ಅದು ತಲೆಕೆಳಗಾಗಿ ಕೂರುವುದಿಲ್ಲ. ಕೂರದಿದ್ದರೆ ತಿರುಗಿಸಿ ನೋಡಬೇಕು, ಒತ್ತಬಾರದು. ಮಾಹಿತಿ ಕೇಬಲಿನ ಒಂದು ತುದಿಯನ್ನು ಡ್ರೈವಿಗೆ, ಇನ್ನೊಂದನ್ನು ಮದರ್‌ಬೋರ್ಡಿನ ಖಾಲಿ ಕಿಂಡಿಗೆ ಹಾಕಬೇಕು. ಹಾರ್ಡ್ ಡಿಸ್ಕಿನ ಕೇಬಲನ್ನು ಅದಿರುವಲ್ಲಿಂದ ಕದಲಿಸಬಾರದು. ಕೊನೆಗೆ ವಿದ್ಯುತ್ ಕನೆಕ್ಟರ್. ಕೇಬಲ್ ಯಾವುದೂ ಫ್ಯಾನಿನ ರೆಕ್ಕೆಗೆ ತಾಗದಂತೆ ಬದಿಗೆ ಸರಿಸಿ, ಹಲಗೆಯನ್ನು ಮುಚ್ಚಿ, ಯಂತ್ರವನ್ನು ಚಾಲೂ ಮಾಡಬಹುದು.

ಡ್ರೈವಿಗಾಗಿ ಬೇರೆ ತಂತ್ರಾಂಶ ಬೇಡ. ಶಾಲೆಗಳಿಗಾಗಿ ಕೈಟ್ ಸಂಸ್ಥೆ ಸಿದ್ಧಪಡಿಸಿರುವ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿಯೂ ವಿಂಡೋಸಿನಲ್ಲಿಯೂ ಅದು ತಾನಾಗಿ ಕಾಣಿಸಿಕೊಳ್ಳಬೇಕು. ಕಾಣಿಸದಿದ್ದರೆ ಗಾಬರಿ ಬೇಡ. ಕಾರಣ ಹುಡುಕುವುದೇ ಈ ಪಾಠದಲ್ಲಿ ಮಕ್ಕಳಿಗೆ ಅತ್ಯಂತ ಹಿಡಿಸುವ ಭಾಗ. ಗುಂಡಿ ಒತ್ತಿದರೆ ಟ್ರೇ ಹೊರಗೆ ಬರುತ್ತದೆ, ಆದರೆ ಪರದೆಯಲ್ಲಿ ಡ್ರೈವ್ ಇಲ್ಲ ಎಂದಾದರೆ ವಿದ್ಯುತ್ತು ತಲುಪಿದೆ, ಮಾಹಿತಿ ಕೇಬಲ್ ಸರಿಯಾಗಿ ಕೂತಿಲ್ಲ, ಅಥವಾ ಬಯೋಸ್‌ನಲ್ಲಿ ಆ ಕಿಂಡಿಯನ್ನು ಮುಚ್ಚಲಾಗಿದೆ. ಟ್ರೇಯೂ ಬರದೆ ದೀಪವೂ ಹತ್ತದಿದ್ದರೆ ವಿದ್ಯುತ್ ಕನೆಕ್ಟರನ್ನು ನೋಡಬೇಕು. ದೀಪ ಹತ್ತಿ, ಒಳಗೆ ಸದ್ದಾಗಿ, ಟ್ರೇ ಮಾತ್ರ ಬಾರದಿದ್ದರೆ ಬಹುಶಃ ಒಳಗಿನ ರಬ್ಬರ್ ಬೆಲ್ಟು ಸಡಿಲಾಗಿದೆ. ಮುಖದ ಮೇಲಿನ ಸೂಜಿತೂತಿಗೆ, ಯಂತ್ರ ಆರಿಸಿದ ಸ್ಥಿತಿಯಲ್ಲಿ, ನೇರ ಮಾಡಿದ ಪೇಪರ್ ಕ್ಲಿಪ್ ತೂರಿಸಿದರೆ ಟ್ರೇ ಸ್ವಲ್ಪ ಹೊರಬರುತ್ತದೆ, ಉಳಿದದ್ದನ್ನು ಕೈಯಿಂದ ಎಳೆಯಬಹುದು. ಡ್ರೈವಿನ ಮೇಲ್ಮುಚ್ಚಳ ತೆಗೆದು ಚಾಲೂ ಮಾಡಿ ತೋರಿಸುವ ಆಸೆ ಕೆಲವರಿಗೆ ಆಗಬಹುದು. ಅದು ಸಲ್ಲದು. ಒಳಗಿರುವುದು ಲೇಸರ್, ಕಣ್ಣಿಗೆ ಹಾನಿ.

ಓದುವ ಬಗೆ

ಡ್ರೈವ್ ಕೆಲಸ ಮಾಡುವ ಬಗೆಯನ್ನು ಹೇಳಲು ಐದು ನಿಮಿಷ ಸಾಕು. ಸಿ.ಡಿ.ಯ ವ್ಯಾಸ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ಇಷ್ಟು ಚಿಕ್ಕ ತಟ್ಟೆಯಲ್ಲಿ ಸುರುಳಿಯಾಗಿ ಸುತ್ತಿರುವ ಒಂದೇ ಗೆರೆಯನ್ನು ಬಿಡಿಸಿದರೆ 5 ಕಿಲೋಮೀಟರಿಗಿಂತ ಉದ್ದವಾಗುತ್ತದೆ. ಹಳೆಯ ಗ್ರಾಮೊಫೋನ್ ತಟ್ಟೆಯ ಮುಳ್ಳು ಹೊರಗಿನಿಂದ ಒಳಕ್ಕೆ ಹೋದರೆ, ಸಿ.ಡಿ.ಯ ಲೇಸರ್ ಒಳಗಿನಿಂದ ಹೊರಕ್ಕೆ ಓದುತ್ತದೆ. ಡಿ.ವಿ.ಡಿ.ಯಲ್ಲಿ ಈ ಗೆರೆಗಳು ಇನ್ನೂ ಒತ್ತೊತ್ತಾಗಿವೆ. ಸಿ.ಡಿ.ಯಲ್ಲಿ ಸುಮಾರು 700 ಮೆಗಾಬೈಟ್ ಹಿಡಿದರೆ ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್ ಹಿಡಿಯುವುದು ಇದರಿಂದಲೇ.

ಅಂಗಡಿಯ ಡಿಸ್ಕಿನಲ್ಲಿ ಗುಳಿಗಳನ್ನು ಅಚ್ಚೊತ್ತಿರುತ್ತಾರೆ. ಸ್ಟುಡಿಯೋದಲ್ಲಿ ಬರೆದ ಡಿಸ್ಕಿನಲ್ಲಿ ಗುಳಿಗಳಿಲ್ಲ. ಅಲ್ಲಿ ಬಣ್ಣದ ಪದರವೊಂದನ್ನು ಲೇಸರಿನಿಂದ ಸುಟ್ಟು ಗುರುತು ಮಾಡಿರುತ್ತಾರೆ. ಈ ಬಣ್ಣ ಬಿಸಿಲಿಗೆ ಮಾಸುತ್ತದೆ. ಆದ್ದರಿಂದ ವಾರ್ಷಿಕೋತ್ಸವದ ಡಿಸ್ಕು, ಅಂದರೆ ಬೇರೆಲ್ಲೂ ಪ್ರತಿಯಿಲ್ಲದ ಡಿಸ್ಕೇ, ಅಂಗಡಿಯ ಡಿಸ್ಕಿಗಿಂತ ಮೊದಲು ಹಾಳಾಗುವ ಸಂಭವ ಹೆಚ್ಚು. ನಕಲು ಮಾಡುವಾಗ ಇವಕ್ಕೆ ಮೊದಲ ಸ್ಥಾನ ಕೊಡಬೇಕಾದದ್ದು ಈ ಕಾರಣಕ್ಕೆ. ಇನ್ನೊಂದು ಮಾತು: ಸಿ.ಡಿ.ಯ ಹೊಳೆಯುವ ಪದರ ಹೆಸರು ಬರೆಯುವ ಬದಿಗೇ ಹತ್ತಿರವಿದೆ, ಅದರ ಮೇಲೆ ತೆಳುವಾದ ಅರಗಿನ ಲೇಪ ಮಾತ್ರ. ಬಾಲ್‌ಪೆನ್ನಿನಿಂದ ಒತ್ತಿ ಬರೆದವರು ತಿಳಿಯದೆಯೇ ಒಳಗಿನ ಹಾಡನ್ನು ಕೆರೆದಿರುತ್ತಾರೆ.

ಡಿಸ್ಕನ್ನು ಒರೆಸುವಾಗ ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಿಸಿ ಒರೆಸಬಾರದು. ಸುತ್ತ ಬಿದ್ದ ಗೀರು ಒಂದೇ ಗೆರೆಯ ಉದ್ದಕ್ಕೂ ಮಾಹಿತಿಯನ್ನು ಅಳಿಸುತ್ತದೆ. ಅಡ್ಡಬಿದ್ದ ಗೀರನ್ನು ಡ್ರೈವ್ ಬಹಳಷ್ಟು ಸಲ ತಾನೇ ಸರಿಪಡಿಸಿ ಓದುತ್ತದೆ. ಮಳೆಗಾಲದಲ್ಲಿ, ವಯನಾಡಿನಂಥ ತಂಪು ಊರುಗಳಲ್ಲಂತೂ, ಡಿಸ್ಕನ್ನು ಕಪಾಟಿನಿಂದ ತೆಗೆದ ಕೂಡಲೇ ಹಾಕದೆ, ಅದರ ಮೇಲೆ ಕೂತ ಹನಿ ಆರಲು ಸ್ವಲ್ಪ ಹೊತ್ತು ಬಿಡಬೇಕು.

ನಕಲು ಮಾಡುವಲ್ಲಿ ಆಗುವ ತಪ್ಪುಗಳು

ಡ್ರೈವ್ ಕೂರಿಸುವುದು ಸುಲಭ. ಸಾಮಾನ್ಯವಾಗಿ ಎಡವುವುದು ಇಲ್ಲಿ.

ಕವಿತೆಗಳ ಗಾಯನದ ಸಿ.ಡಿ.ಯನ್ನು ವಿಂಡೋಸ್ ಯಂತ್ರಕ್ಕೆ ಹಾಕಿದ ಶಿಕ್ಷಕರಿಗೆ ಹತ್ತು ಹನ್ನೆರಡು ಫೈಲುಗಳು ಕಾಣುತ್ತವೆ. ಅವುಗಳ ಹೆಸರಿನ ಕೊನೆಗೆ ಸಿ.ಡಿ.ಎ. ಎಂದಿರುತ್ತದೆ. ಅವನ್ನು ಎಳೆದು ಪೆನ್‌ಡ್ರೈವಿಗೆ ಹಾಕಿದರೆ ಕ್ಷಣದಲ್ಲಿ ನಕಲಾಗುತ್ತವೆ. ಆದರೆ ಆ ಒಂದೊಂದು ಫೈಲಿನ ಗಾತ್ರ 44 ಬೈಟ್ ಮಾತ್ರ. ಅದು ಹಾಡಲ್ಲ, ಹಾಡು ಡಿಸ್ಕಿನ ಯಾವ ಭಾಗದಲ್ಲಿದೆಯೆಂಬ ಗುರುತು ಅಷ್ಟೆ. ನಕಲಾಯಿತೆಂದು ನಂಬಿ ಮೂಲ ಡಿಸ್ಕನ್ನು ಎಸೆದರೆ ಕೈಯಲ್ಲಿ ಉಳಿಯುವುದು ಪುಸ್ತಕವಲ್ಲ, ಪುಟಸಂಖ್ಯೆ. ಧ್ವನಿಯ ಸಿ.ಡಿ.ಯನ್ನು ಅದಕ್ಕೆಂದೇ ಇರುವ ತಂತ್ರಾಂಶದಿಂದ ಹೊರತೆಗೆಯಬೇಕು. ಉಬುಂಟುವಿನಲ್ಲಿ ಸೌಂಡ್ ಜ್ಯೂಸರ್, ಆಸಂಡರ್ ಮುಂತಾದವು ಉಚಿತವಾಗಿ ದೊರೆಯುತ್ತವೆ.

ಯಕ್ಷಗಾನದ ಹಳೆಯ ಮುದ್ರಿಕೆಗಳಲ್ಲಿ ಹಲವು ವಿ.ಸಿ.ಡಿ.ಗಳು. ಇವುಗಳ ದೃಶ್ಯವು ಎಂಪೆಗ್ ಎ.ವಿ. ಎಂಬ ಫೋಲ್ಡರಿನಲ್ಲಿ ಡ್ಯಾಟ್ ಫೈಲಾಗಿರುತ್ತದೆ. ವಿಂಡೋಸಿನಲ್ಲಿ ಅದನ್ನು ನೇರವಾಗಿ ನಕಲಿಸಿ ವಿ.ಎಲ್.ಸಿ. ಪ್ಲೇಯರಿನಲ್ಲಿ ನೋಡಬಹುದು. ಲಿನಕ್ಸಿನಲ್ಲಿ ನೇರ ನಕಲಿಗೆ ಹೊರಟರೆ ದೋಷದ ಸೂಚನೆ ಬರುವುದುಂಟು. ಡಿಸ್ಕು ಕೆಟ್ಟಿತೆಂದು ಅದರಿಂದ ತೀರ್ಮಾನಿಸಬಾರದು, ವಿ.ಸಿ.ಡಿ.ಯ ರಚನೆಯೇ ಬೇರೆ. ಡಿ.ವಿ.ಡಿ.ಯಾದರೆ ವಿಡಿಯೋ ಟಿ.ಎಸ್. ಎಂಬ ಫೋಲ್ಡರನ್ನು ಇಡಿಯಾಗಿ ತೆಗೆದುಕೊಳ್ಳಬೇಕು. ಒಂದು ಕಾರ್ಯಕ್ರಮವು ಒಂದೊಂದು ಗಿಗಾಬೈಟಿನ ಹಲವು ತುಂಡುಗಳಾಗಿ ಅಲ್ಲಿರುವುದರಿಂದ, ಒಂದೇ ಫೈಲನ್ನು ತೆಗೆದುಕೊಂಡವರಿಗೆ ಅರ್ಧ ಪ್ರಸಂಗ ಸಿಕ್ಕೀತು. ಅಂಗಡಿಯಲ್ಲಿ ಕೊಂಡ ಚಲನಚಿತ್ರಗಳಿಗೆ ನಕಲು ತಡೆಯುವ ಬೀಗ ಇರಬಹುದು. ಅದನ್ನು ಮುರಿಯಲು ಹೋಗದೆ ಡಿಸ್ಕಿನಿಂದಲೇ ತೋರಿಸುವುದು ಸರಿ.

ಡಿಸ್ಕು ತೀರ ಹಳೆಯದಾಗಿದ್ದರೆ ಮೊದಲು ನಕಲು, ಆಮೇಲೆ ನೋಟ. ಕುತೂಹಲಕ್ಕೆಂದು ಪೂರ್ತಿ ನೋಡಿ, ಎರಡನೆಯ ಸಲ ಹಾಕಿದಾಗ ಓದದೆ ಹೋದ ಡಿಸ್ಕುಗಳು ಕಡಮೆಯೇನಲ್ಲ. ಒಂದು ಡ್ರೈವಿಗೆ ಓದಲಾಗದ್ದು ಇನ್ನೊಂದು ಡ್ರೈವಿಗೆ ಓದಬರುವುದೂ ಉಂಟು. ಹಾಗಾಗಿ ಮೂಲೆಯ ಯಂತ್ರಗಳಲ್ಲಿ ಇನ್ನೂ ಒಂದು ಡ್ರೈವ್ ಇದ್ದರೆ ಬಿಸಾಡದಿರುವುದು ಲೇಸು.

ಕನ್ನಡಕ್ಕೇ ವಿಶೇಷವಾದ ತೊಡಕೊಂದಿದೆ. ಹಳೆಯ ಸಿ.ಡಿ.ಯಲ್ಲಿರುವ ಪ್ರಶ್ನೆಪತ್ರಿಕೆ, ಪಾಠಟಿಪ್ಪಣಿ, ಸ್ಮರಣ ಸಂಚಿಕೆಯ ಪುಟಗಳನ್ನು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆಯಿರುವ ವಿಚಿತ್ರ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಕೆಟ್ಟಿಲ್ಲ. ಯೂನಿಕೋಡ್ ಬಳಕೆ ಹರಡುವ ಮೊದಲು ನುಡಿ ಅಥವಾ ಬರಹ ತಂತ್ರಾಂಶದ ಅಕ್ಷರಗಳಲ್ಲಿ ಅದನ್ನು ಬೆರಳಚ್ಚಿಸಲಾಗಿದೆ. ಆ ಅಕ್ಷರ ಶೈಲಿಯನ್ನು ಯಂತ್ರಕ್ಕೆ ಹಾಕಿದರೆ ಕನ್ನಡ ಮರಳಿ ಕಾಣಿಸುತ್ತದೆ, ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿದರೆ ಮುಂದೆಯೂ ಉಳಿಯುತ್ತದೆ. ಪರಿವರ್ತಿಸಿದ ಪಠ್ಯವನ್ನು ಒಮ್ಮೆ ಓದಿ ನೋಡಲೇಬೇಕು. ಅರ್ಕಾವತ್ತೂ ಒತ್ತಕ್ಷರವೂ ಸ್ಥಾನ ತಪ್ಪುವುದುಂಟು. ಈ ತಿದ್ದುಪಡಿಯನ್ನು ಎಂಟನೆಯ ತರಗತಿಯ ಮಕ್ಕಳಿಗೆ ಒಪ್ಪಿಸಬಹುದು. ಕಾಗುಣಿತಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ವಿರಳ.

ಫ್ಲ್ಯಾಶ್‌ನಲ್ಲಿ ಮಾಡಿದ ಚಿತ್ರಪಾಠಗಳಿದ್ದರೆ ಅವು ಬ್ರೌಸರಿನಲ್ಲಿ ತೆರೆಯುವುದಿಲ್ಲ. ಅದಕ್ಕಿದ್ದ ಬೆಂಬಲ 2020ರ ಕೊನೆಗೆ ನಿಂತಿತು. ಫೈಲುಗಳನ್ನು ಉಳಿಸಿಕೊಂಡರೆ ರಫಲ್ ಎಂಬ ಉಚಿತ ತಂತ್ರಾಂಶದಲ್ಲಿ ಹಲವನ್ನು ಇಂದಿಗೂ ನಡೆಸಬಹುದು.

ತರಗತಿಯಲ್ಲಿ

ಲಿಟಲ್ ಕೈಟ್ಸ್ ಘಟಕವಿರುವ ಶಾಲೆಯಲ್ಲಿ ಈ ಕೆಲಸ ಹಾರ್ಡ್‌ವೇರ್ ತರಬೇತಿಗೆ ಹೊಂದಿಕೊಳ್ಳುತ್ತದೆ. ಆದರೆ ಇದನ್ನು ಕನ್ನಡ ಪೀರಿಯಡ್ಡಿಗೂ ತರಬಹುದು, ತರಬೇಕು.

ಡ್ರೈವ್, ಸ್ಕ್ರೂ, ಕೇಬಲ್, ಮದರ್‌ಬೋರ್ಡ್ ಎಂಬ ಹೆಸರುಗಳೆಲ್ಲ ಹೊರಗಿನಿಂದ ಬಂದವು. ಸಿ.ಡಿ.ಗೆ ಸಾಂದ್ರಮುದ್ರಿಕೆ ಎಂಬ ಪದವಿದ್ದರೂ ಮಕ್ಕಳ ಬಾಯಲ್ಲಿ ಅದು ನಿಲ್ಲಲಿಲ್ಲ, ನಿಲ್ಲಿಸಲು ಹೆಣಗುವ ಅಗತ್ಯವೂ ಇಲ್ಲ. ನಾಮಪದಗಳು ಹೊರಗಿನವಾದರೂ ಕೈ ಮಾಡುವ ಕೆಲಸದ ಹೆಸರುಗಳು ಕನ್ನಡದವೇ: ಬಿಚ್ಚು, ಕಳಚು, ಸಡಿಲಿಸು, ಜಾರಿಸು, ತೂರಿಸು, ಸಿಕ್ಕಿಸು, ಕೂರಿಸು, ಬಿಗಿಗೊಳಿಸು, ಒರೆಸು. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಆಡುವ ಮಗು ಕನ್ನಡದಲ್ಲಿ ತಡವರಿಸುವುದು ಇಂಥ ಕ್ರಿಯಾಪದಗಳ ಬಳಿಯಲ್ಲಿಯೇ. ‘ಸ್ಕ್ರೂ ತೆಗೆ, ಮುಚ್ಚಳ ತೆಗೆ, ಕೇಬಲ್ ತೆಗೆ, ಡಿಸ್ಕ್ ತೆಗೆ’ ಎಂದು ಒಂದೇ ಪದದಲ್ಲಿ ಎಲ್ಲವನ್ನೂ ಮುಗಿಸುವ ಮಗುವಿಗೆ, ಗಂಟನ್ನೂ ಸ್ಕ್ರೂವನ್ನೂ ಬಿಚ್ಚುತ್ತಾರೆ, ಕನ್ನಡಕವನ್ನು ಕಳಚುತ್ತಾರೆ, ಬಾಗಿಲನ್ನು ತೆರೆಯುತ್ತಾರೆ ಎಂಬ ಭೇದ ಹೇಳಿಕೊಟ್ಟರೆ ಬರುವುದು ಕಷ್ಟ, ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದಾಗ ಸುಲಭ.

ಒಬ್ಬ ವಿದ್ಯಾರ್ಥಿನಿ ಸೂಚನೆ ಕೊಡುವುದು, ಇನ್ನೊಬ್ಬಳು ಮಾಡುವುದು, ಮೂರನೆಯವಳು ಬರೆದುಕೊಳ್ಳುವುದು ಎಂದು ಕೆಲಸ ಹಂಚಬಹುದು. ಸೂಚನೆ ಕೊಡುವವಳು ಬೆರಳು ತೋರಿಸುವಂತಿಲ್ಲ, ಮಾತಿನಲ್ಲಿಯೇ ಹೇಳಬೇಕು ಎಂಬ ಒಂದು ನಿಯಮವಿದ್ದರೆ ಸಾಕು. ‘ಇದನ್ನು ಅಲ್ಲಿ ಹಾಕು’ ಎಂಬ ವಾಕ್ಯ ಕೆಲಸಕ್ಕೆ ಬಾರದೆಂಬುದು ಎರಡೇ ನಿಮಿಷದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಬರೆದುಕೊಂಡದ್ದನ್ನು ಮರುದಿನ ಮೂರು ರೂಪಗಳಲ್ಲಿ ಬರೆಸಬಹುದು: ತಮ್ಮನಿಗೆ ಹೇಳುವಂತೆ ‘ಸಿಕ್ಕಿಸು’ ಎಂದು, ಕೈಪಿಡಿಯಂತೆ ‘ಸಿಕ್ಕಿಸಬೇಕು’ ಎಂದು, ವರದಿಯಂತೆ ‘ಸಿಕ್ಕಿಸಿದೆವು’ ಎಂದು.

ನಕಲು ಮಾಡಿದ ಸಾಮಗ್ರಿಯನ್ನು ಎರಡು ಕಡೆ ಇಡಬೇಕು, ಒಂದು ಶಾಲೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. 50 ಸಿ.ಡಿ. ತುಂಬಿದ್ದರೂ 35 ಗಿಗಾಬೈಟ್ ಮಾತ್ರವಾದ್ದರಿಂದ ಜಾಗದ ಚಿಂತೆಯಿಲ್ಲ. ಜೊತೆಗೆ ಒಂದು ನೋಟುಪುಸ್ತಕ ಬೇಕು: ಡಿಸ್ಕಿನ ಕ್ರಮಸಂಖ್ಯೆ, ಕಾರ್ಯಕ್ರಮದ ಹೆಸರು, ವರ್ಷ, ಅದರಲ್ಲಿ ಹಾಡಿದವರು ಅಥವಾ ಮಾತಾಡಿದವರು, ಓದಲು ಬಂತೋ ಇಲ್ಲವೋ ಎಂಬ ವಿವರ. ದೃಶ್ಯದಲ್ಲಿರುವ ಮುಖಗಳನ್ನು ಗುರುತಿಸಲು ಶಾಲೆಯ ನಿವೃತ್ತ ಅಧ್ಯಾಪಕರನ್ನೂ ಹಳೆ ವಿದ್ಯಾರ್ಥಿಗಳನ್ನೂ ಒಂದು ಮಧ್ಯಾಹ್ನ ಕರೆಸಿ, ಅವರು ಹೇಳಿದ ಹೆಸರುಗಳನ್ನು ಮಕ್ಕಳಿಂದಲೇ ಬರೆಸಿಕೊಳ್ಳಬೇಕು. ಓದದ ಡಿಸ್ಕುಗಳನ್ನು ಬೇರೆ ಡ್ರೈವಿನಲ್ಲಿ ಮತ್ತೊಮ್ಮೆ ನೋಡುವುದಕ್ಕಾಗಿ ಪ್ರತ್ಯೇಕ ಲಕೋಟೆಯಲ್ಲಿ, ಬಿಸಿಲು ಬೀಳದ ಕಪಾಟಿನಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು.